ಕಾವಿಗೆ ಕುಳಿತ ಕೋಳಿ: ಕೂರಿಸುವುದೋ, ಎಬ್ಬಿಸುವುದೋ?

ಫೆಬ್ರುವರಿ ಮುಗಿಯುವ ಹೊತ್ತಿಗೆ ವಿಜಯಪುರದ ಬಿಸಿಲು ಹಲ್ಲು ತೋರಿಸಲು ಶುರು ಮಾಡುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಹಿತ್ತಲಿನ ಕೆಂಚಿಗೂ ತಲೆ ಕೆಡುತ್ತದೆ. ನಿನ್ನೆಯವರೆಗೆ ಕಾಲಿಗೆ ತೊಡರುತ್ತ ಜೋಳದ ನುಚ್ಚು ಕೇಳುತ್ತಿದ್ದ ಹೇಂಟೆ ಇಂದು ಬುಟ್ಟಿಯೊಳಗೆ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಕೈ ಚಾಚಿದರೆ ಕತ್ತಿನ ಗರಿಗಳೆಲ್ಲ ನಿಗುರಿ ನಿಲ್ಲುತ್ತವೆ, ಗಂಟಲಿನಿಂದ ಗುರುಗುರು ಸದ್ದು ಬರುತ್ತದೆ, ಮರುಕ್ಷಣ ಮಣಿಕಟ್ಟಿನ ಮೇಲೆ ಕೊಕ್ಕಿನ ಗುರುತು.

ಮೊದಲ ವರ್ಷ ನಾನು ಇದನ್ನು ಜಡ್ಡು ಎಂದೇ ತಿಳಿದು ಬೆಳ್ಳುಳ್ಳಿ ಜಜ್ಜಿ ತಿನ್ನಿಸಿದೆ, ಅರಿಸಿನದ ನೀರು ಕುಡಿಸಿದೆ. ಇಂಡಿ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಬುಟ್ಟಿಯತ್ತ ಒಮ್ಮೆ ನೋಡಿ, "ಇದಕ್ಕೆ ಏನೂ ಆಗಿಲ್ಲ, ಕಾವು ಬಂದಿದೆ. ನಿನಗೇ ಏನೋ ಆಗಿದೆ" ಎಂದರು.

ನಾವು ಕಾವು ಎನ್ನುವುದನ್ನು ಬೆಳಗಾವಿ ಕಡೆ ಮರಾಠಿ ಮಾತನಾಡುವವರು ಖುಡೂಕ್ ಎನ್ನುತ್ತಾರೆ. ನಮ್ಮೂರಿನ ಉರ್ದು ಮಾತಿನಲ್ಲಿ ಅದು ಕುಡಕ್ ಮುರ್ಗಿ. ಇದನ್ನು ಕೇಳಿದ ಬೆಂಗಳೂರಿನ ನೆಂಟರೊಬ್ಬರು ಕೋಳಿಗೆ ಕುಡಿಯಲು ಯಾರು ಕೊಡುತ್ತಾರೆ ಎಂದು ವಿಚಾರಿಸಿದ್ದೂ ಉಂಟು. ಹೆಸರು ಏನಾದರೂ ಇರಲಿ, ಸಾಕುವವರ ಮುಂದೆ ಇರುವುದು ಎರಡೇ ದಾರಿ. ಒಂದೋ ತತ್ತಿ ಇಟ್ಟು ಕೂರಿಸಬೇಕು, ಇಲ್ಲವೇ ಕಾವು ಮುರಿದು ಎಬ್ಬಿಸಬೇಕು. ಯಾವುದು ಎಂಬುದನ್ನು ಎರಡು ಮೂರು ದಿನಗಳಲ್ಲಿ ತೀರ್ಮಾನಿಸಬೇಕು. ಆ ವರ್ಷ ನಾನು "ನೋಡೋಣ, ತಾನೇ ಏಳುತ್ತದೆ" ಎಂದು ಬಿಟ್ಟೆ. ಕೆಂಚಿ ಖಾಲಿ ಬುಟ್ಟಿಯಲ್ಲಿ ಐದು ವಾರ ಕುಳಿತಿತು. ಕೊನೆಗೆ ಎತ್ತಿಕೊಂಡಾಗ ಎದೆಯ ಮೂಳೆ ಚಾಕುವಿನ ಅಲಗಿನಂತೆ ಕೈಗೆ ತಾಗಿತು. ಇತ್ತ ಮರಿಯೂ ಇಲ್ಲ, ಅತ್ತ ತತ್ತಿಯೂ ಇಲ್ಲ.

ನಿಜವಾಗಿಯೂ ಕಾವೇ?

ಹಗಲು ನೋಡಿ ನಿರ್ಧರಿಸಬೇಡಿ. ತತ್ತಿ ಇಡಲು ಕುಳಿತ ಕೋಳಿಯೂ ಒಂದೆರಡು ತಾಸು ಬುಟ್ಟಿ ಬಿಡುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ. ಉಳಿದವು ಕೋಲಿನ ಮೇಲೆ ಸಾಲಾಗಿ ಕುಳಿತಿದ್ದು ಇದೊಂದೇ ಬುಟ್ಟಿಯಲ್ಲಿದ್ದರೆ ಅನುಮಾನ ಪಡಿ, ಮರುದಿನ ರಾತ್ರಿಯೂ ಅಲ್ಲೇ ಇದ್ದರೆ ಅನುಮಾನ ಬಿಡಿ.

ಇನ್ನೊಂದು ಗುರುತು ಹಿಕ್ಕೆ. ಕಾವಿನ ಕೋಳಿ ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೆಳಗಿಳಿಯುತ್ತದೆ. ಅಷ್ಟು ಹೊತ್ತು ತಡೆದಿಟ್ಟುಕೊಂಡದ್ದನ್ನು ಒಂದೇ ಸಲ ಹಾಕುತ್ತದೆ. ಗಾತ್ರದಲ್ಲಿ ಇಂಡಿಯ ಲಿಂಬೆಹಣ್ಣು, ವಾಸನೆಯಲ್ಲಿ ಹೇಳುವ ಹಾಗಿಲ್ಲ. ಇಪ್ಪತ್ತು ನಿಮಿಷದೊಳಗೆ ನೀರು ಕುಡಿದು, ನಾಲ್ಕು ಕಾಳು ನುಂಗಿ, ಮಣ್ಣಿನಲ್ಲಿ ಒಂದು ಹೊರಳು ಹೊರಳಿ, ಮೈಯೆಲ್ಲ ಉಬ್ಬಿಸಿಕೊಂಡು ಕ್ಲಕ್ ಕ್ಲಕ್ ಎನ್ನುತ್ತ ಮತ್ತೆ ಬುಟ್ಟಿಗೆ ಓಡುತ್ತದೆ. ಹೊಟ್ಟೆಯಡಿ ಕೈ ಹಾಕಿದರೆ ಗರಿ ಕಿತ್ತ ಬರಿ ಚರ್ಮ ಸಿಗುತ್ತದೆ, ಬಿಸಿಯಾಗಿರುತ್ತದೆ. ತತ್ತಿಗೆ ನೇರವಾಗಿ ಶಾಖ ತಾಗಲಿ ಎಂದು ಕೋಳಿ ತಾನೇ ಮಾಡಿಕೊಳ್ಳುವ ಏರ್ಪಾಡು ಅದು.

ಜಡ್ಡಿನ ಕೋಳಿ ಹೀಗಿರುವುದಿಲ್ಲ. ಕಣ್ಣು ಮುಚ್ಚಿಕೊಂಡಿರುತ್ತದೆ, ಬಾಲ ಇಳಿಬಿದ್ದಿರುತ್ತದೆ, ಎತ್ತಿದರೆ ಜಗಳವಾಡುವುದಿಲ್ಲ, ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಕಾವಿನ ಕೋಳಿಯನ್ನು ಎತ್ತಿ ನೆಲಕ್ಕೆ ಬಿಟ್ಟರೆ ಅದೂ ಒಂದು ನಿಮಿಷ ನಿದ್ದೆಗಣ್ಣಿನಲ್ಲಿ ಇದ್ದಂತೆ ಹಾಗೇ ಚಪ್ಪಟೆಯಾಗಿ ಕೂರುತ್ತದೆ. ಆಮೇಲೆ ಎಚ್ಚರವಾಗಿ ನಿಮ್ಮನ್ನು ಬೈಯುತ್ತದೆ. ಬೈದರೆ ಆರೋಗ್ಯವಾಗಿದೆ.

ಇದು ಹಟವಲ್ಲ

ಹಗಲು ದೀರ್ಘವಾಗುತ್ತ ಬಂದಾಗ, ಸೆಕೆ ಏರಿದಾಗ, ಕತ್ತಲೆ ಮೂಲೆಯಲ್ಲಿ ತತ್ತಿಗಳು ಗುಂಪಾಗಿ ಹೊಟ್ಟೆಗೆ ತಾಗಿದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಬಾಣಂತಿಯರಲ್ಲಿ ಹಾಲು ತರಿಸುವುದೂ ಇದೇ. ಕೋಳಿಯಲ್ಲಿ ಇದು ಏರಿದಂತೆ ಅಂಡಾಶಯದ ಕೆಲಸ ನಿಲ್ಲುತ್ತದೆ, ಹಸಿವು ಕುಗ್ಗುತ್ತದೆ, ಕಾಯುವ ಬುದ್ಧಿ ಬರುತ್ತದೆ. ಹೊಟ್ಟೆಯ ಬರಿ ಚರ್ಮಕ್ಕೆ ಬುಟ್ಟಿಯ ಬಿಸಿ ತಾಗುತ್ತಿರುವವರೆಗೂ ಹಾರ್ಮೋನು ಇಳಿಯುವುದಿಲ್ಲ. ಕಾವು ಮುರಿಯುವ ಕೀಲಿ ಇರುವುದು ಇಲ್ಲೇ, ಮುಂದೆ ಹೇಳುತ್ತೇನೆ.

ಎಲ್ಲ ಕೋಳಿಗೂ ಕಾವು ಬರುವುದಿಲ್ಲ. ಫಾರಂಗಳ ಬಿಳಿ ಲೆಗ್‌ಹಾರ್ನ್ ತಳಿಯಲ್ಲಿ ಆ ಗುಣವನ್ನು ತಲೆಮಾರುಗಳಿಂದ ಆರಿಸಿ ಆರಿಸಿ ತೆಗೆದುಹಾಕಲಾಗಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 130ರಿಂದ 150 ತತ್ತಿ ಕೊಡುತ್ತದೆ, ಆದರೆ ಕೂರುವ ಗೊಡವೆಗೆ ಹೋಗುವುದು ಕಡಿಮೆ. ನಮ್ಮ ಜವಾರಿ ಕೋಳಿಯೋ 10ರಿಂದ 15 ತತ್ತಿ ಇಟ್ಟು ಕಾವಿಗೆ ಕೂತುಬಿಡುತ್ತದೆ. ವರ್ಷದ ಲೆಕ್ಕ ತೆಗೆದರೆ ತತ್ತಿ 60ರ ಆಸುಪಾಸು. ಹಾಗಾಗಿ ಜಾಣರು ಗಿರಿರಾಜದ ತತ್ತಿಯನ್ನು ಜವಾರಿಯ ಹೊಟ್ಟೆಯಡಿ ಇಡುತ್ತಾರೆ. ಹೆರುವುದು ಒಬ್ಬರು, ಸಾಕುವುದು ಇನ್ನೊಬ್ಬರು.

ಯಾವ ದಾರಿ ಹಿಡಿಯಬೇಕು?

ಮೊದಲ ಪ್ರಶ್ನೆ, ಹುಂಜ ಇದೆಯೇ? ಇಲ್ಲದಿದ್ದರೆ ಆ ತತ್ತಿಯಿಂದ ಮರಿಯಾಗದು. ಅಂಗಡಿಯ ಬಿಳಿ ತತ್ತಿ ತಂದಿಟ್ಟು 21 ದಿನ ಕಾದವರನ್ನು ನಾನು ಬಲ್ಲೆ. ಫಾರಂನಲ್ಲಿ ಹುಂಜವನ್ನೇ ಬಿಟ್ಟಿರುವುದಿಲ್ಲ, ಮರಿ ಎಲ್ಲಿಂದ ಬರಬೇಕು? ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಒಮ್ಮೆ ಕೂಡಿದ ಮೇಲೆ ಸುಮಾರು ಹತ್ತು ದಿನದವರೆಗೆ ಬರುವ ತತ್ತಿಗಳಲ್ಲಿ ಫಲ ಇರುತ್ತದೆ, ಆದ್ದರಿಂದ ನೆರೆಮನೆಯ ಹುಂಜವೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು, ಯಾವ ತಿಂಗಳು? ನಮ್ಮ ವಿಜಯಪುರದ ಕಡೆ ಮಳೆಗಾಲ ಹಿಂದೆ ಸರಿದು ದೀಪಾವಳಿ ಕಳೆದ ಮೇಲೆ ಜನವರಿ ಮುಗಿಯುವವರೆಗೆ ಕೂರಿಸಲು ಹದವಾದ ಕಾಲ. ಏಪ್ರಿಲ್–ಮೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ತತ್ತಿಯೊಳಗಿನ ಭ್ರೂಣ ಬೆಳೆಯಲು ಶುರು ಮಾಡುತ್ತದೆ. ವಿಜಯಪುರದ ಅಡುಗೆಮನೆಯಲ್ಲಿ ಬೇಸಿಗೆಯಲ್ಲಿ ಕೂಡಿಟ್ಟ ತತ್ತಿ ಬೆಳೆಯುವುದೋ ಬಿಡುವುದೋ ತಿಳಿಯದೆ ಅರ್ಧದಲ್ಲೇ ಸಾಯುತ್ತದೆ. ಒಂದು ಏಪ್ರಿಲ್‌ನಲ್ಲಿ ಫ್ರಿಜ್ಜಿನ ನೆತ್ತಿಯ ಮೇಲೆ ವಾರವಿಡೀ ಕೂಡಿಹಾಕಿದ 12 ತತ್ತಿ ಇಟ್ಟೆ, ಮೂರು ಮರಿಯಾದವು. ಫ್ರಿಜ್ಜಿನ ನೆತ್ತಿ ಮನೆಯಲ್ಲೇ ಬಿಸಿಯಾದ ಜಾಗ ಎಂದು ಆಮೇಲೆ ಹೊಳೆಯಿತು. ಜೊತೆಗೆ 40 ಡಿಗ್ರಿ ಬಿಸಿಲಿನಲ್ಲಿ ತಗಡಿನ ಕೆಳಗೆ ಬಾಯಿ ತೆರೆದು ತೇಕುತ್ತ ಕುಳಿತ ತಾಯಿ ನೀರಿಲ್ಲದೆ ಸತ್ತದ್ದೂ ಊರಲ್ಲಿ ಉಂಟು.

ಮರಿಗಳನ್ನು ಕಾಗೆ, ಬೆಕ್ಕು, ಮುಂಗುಸಿಗಳಿಂದ ಉಳಿಸುವ ಗೂಡು ಇದೆಯೇ ಎಂಬುದು ಮೂರನೆಯ ಪ್ರಶ್ನೆ. ಮೂರರಲ್ಲಿ ಒಂದಕ್ಕೆ ಇಲ್ಲ ಎಂದಾದರೂ ಎಬ್ಬಿಸಿಬಿಡಿ.

ಎಬ್ಬಿಸುವ ಕ್ರಮ

ಮೊದಲು ತತ್ತಿ ತೆಗೆಯಿರಿ, ಬುಟ್ಟಿಯನ್ನೂ ಮುಚ್ಚಿಡಿ. ತಳದಲ್ಲಿ ಜಾಲರಿ ಇರುವ ಪಂಜರ ಬೇಕು. ಇಲ್ಲದಿದ್ದರೆ ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟ್ ಎರಡು ತಂದು ಒಂದರ ಮೇಲೊಂದು ಬೋರಲು ಹಾಕಿ ಹಗ್ಗ ಕಟ್ಟಿದರೆ ಅದೇ ಪಂಜರ. ನಾಲ್ಕು ಇಟ್ಟಿಗೆಯ ಮೇಲೆ ಎತ್ತರಿಸಿ, ನೆರಳಿರುವ, ಆದರೆ ಬೆಳಕು ಗಾಳಿ ಧಾರಾಳವಾಗಿರುವ ಜಾಗದಲ್ಲಿ ಇಡಿ. ಒಳಗೆ ಹುಲ್ಲು, ಗೋಣಿಚೀಲ ಏನೂ ಹಾಸಬೇಡಿ. ಕೆಳಗಿನಿಂದ ಗಾಳಿಯಾಡಿ ಹೊಟ್ಟೆಯ ಆ ಬರಿ ಚರ್ಮ ತಣ್ಣಗಾಗಬೇಕು, ಅದೇ ಇದರ ಗುಟ್ಟು. ಕಾಳು ನೀರು ಎಂದಿನಂತೆ ಇರಲಿ. ಉಪವಾಸ ಕೆಡವಿದರೆ ಕಾವು ಇಳಿಯುವುದಿಲ್ಲ, ಕೋಳಿ ಇಳಿಯುತ್ತದೆ.

ಮೂರು ಹಗಲು, ಮೂರು ರಾತ್ರಿ. ನಾಲ್ಕನೆಯ ದಿನ ಬೆಳಗ್ಗೆ ಬಿಟ್ಟು ನೋಡಿ. ಗುಂಪಿನೊಂದಿಗೆ ಕೆದರಲು ಹೋದರೆ ಗೆದ್ದಿರಿ. ನೇರ ಬುಟ್ಟಿ ಇದ್ದ ಮೂಲೆಗೆ ಓಡಿದರೆ ಇನ್ನೆರಡು ದಿನ ಒಳಗೇ ಇರಲಿ. ಕಾವು ಬಂದ ಎರಡು ಮೂರು ದಿನದೊಳಗೆ ಶುರು ಮಾಡಿದರೆ ಒಂದೆರಡು ವಾರದಲ್ಲಿ ಮತ್ತೆ ತತ್ತಿ ಇಡುತ್ತದೆ. ತಡ ಮಾಡಿದಷ್ಟೂ ಅದೂ ತಡ.

ಹಳೆಯ ಉಪಾಯಗಳೂ ಇವೆ. ಬಕೆಟ್ ನೀರಿನಲ್ಲಿ ಹೊಟ್ಟೆಯವರೆಗೆ ಅದ್ದುವುದು ಕೆಲವೊಮ್ಮೆ ಫಲಿಸುತ್ತದೆ, ಅದೂ ಹೊಟ್ಟೆ ತಣಿಸುವ ದಾರಿಯೇ. ಆದರೆ ಡಿಸೆಂಬರ್‌ನ ಚಳಿಯಲ್ಲಿ ಮಾಡಬೇಡಿ. ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು, ಕಾಲು ಕಟ್ಟಿ ಬಿಸಿಲಿಗೆ ಹಾಕುವುದು, ಇವನ್ನು ಯಾವ ಕಾಲದಲ್ಲೂ ಮಾಡಬೇಡಿ.

ಕೂರಿಸುವ ಕ್ರಮ

ಕೋಳಿ ಸಲೀಸಾಗಿ ತಿರುಗುವಷ್ಟು ಅಗಲದ ಬಿದಿರಿನ ಬುಟ್ಟಿ ತೆಗೆದುಕೊಳ್ಳಿ. ತಳಕ್ಕೆ ನಾಲ್ಕು ಬೆರಳು ಮರಳು, ಅದರ ಮೇಲೆ ಒಣಗಿದ ಜೋಳದ ರವದಿ, ನಡುವೆ ಅಂಗೈಯಿಂದ ಒತ್ತಿ ಸ್ವಲ್ಪ ತಗ್ಗು ಮಾಡಿ. ತಗ್ಗಿಲ್ಲದಿದ್ದರೆ ತತ್ತಿಗಳು ಅಂಚಿಗೆ ಉರುಳಿ ಆರುತ್ತವೆ, ತಗ್ಗು ಹೆಚ್ಚಾದರೆ ಒಂದರ ಮೇಲೊಂದು ಬೀಳುತ್ತವೆ. ಒಂದು ಹಿಡಿ ಬೇವಿನ ಎಲೆ, ಒಂದು ಹಿಡಿ ಬೂದಿ ಸೇರಿಸುತ್ತೇನೆ. 21 ದಿನ ಮಣ್ಣಿನ ಸ್ನಾನ ಸರಿಯಾಗಿ ಇಲ್ಲದ ಕೋಳಿಗೆ ಹೇನು, ಕೂರೆ ಮುತ್ತುವುದು ಬಹಳ. ಅತ್ತೆ ಇದರ ಜೊತೆ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು ಇಡುತ್ತಾರೆ, ಗುಡುಗಿಗೆ ತತ್ತಿ ಕೆಡಬಾರದೆಂದು. ಇಡುವ ಸಂಖ್ಯೆಯೂ ಬೆಸವೇ ಆಗಬೇಕು. ನಾನು ತಕರಾರು ಮಾಡುವುದಿಲ್ಲ, ಮೊಳೆಯ ಚೂಪು ಮಾತ್ರ ಕೆಳಮುಖವಾಗಿದೆಯೇ ನೋಡಿಕೊಳ್ಳುತ್ತೇನೆ.

ತತ್ತಿ ಆರಿಸುವಾಗ ತೀರ ದೊಡ್ಡದು, ತೀರ ಸಣ್ಣದು, ಬಿರುಕು ಬಿಟ್ಟದ್ದು, ಸಿಪ್ಪೆ ಒರಟಾದದ್ದು ಬಿಡಿ. ತೊಳೆಯಬೇಡಿ, ಸಿಪ್ಪೆಯ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಚಳಿಗಾಲದಲ್ಲಿ ಏಳು ದಿನದೊಳಗಿನದು, ಸೆಕೆ ಇದ್ದರೆ ಮೂರು ನಾಲ್ಕು ದಿನದೊಳಗಿನದು ಮಾತ್ರ. ಅಲ್ಲಿಯವರೆಗೆ ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿಡಿ. ಜವಾರಿ ತತ್ತಿಯಾದರೆ 10–12, ಗಿರಿರಾಜದ ದೊಡ್ಡ ತತ್ತಿಯಾದರೆ ಎಂಟೊಂಬತ್ತು ಸಾಕು. ಆಸೆಗೆ ಬಿದ್ದು ಹದಿನೆಂಟು ಇಟ್ಟರೆ ಹೊರಗುಳಿದವು ಸರದಿಯಂತೆ ಆರಿ ಎಲ್ಲವೂ ಕೆಡುತ್ತವೆ.

ಎಲ್ಲದರ ಮೇಲೂ ಪೆನ್ಸಿಲ್‌ನಿಂದ ಗುರುತು ಹಾಕಿ. ಕೂತ ಕೋಳಿಯ ಪಕ್ಕಕ್ಕೆ ನುಸುಳಿ ಉಳಿದ ಹೇಂಟೆಗಳು ತಮ್ಮದನ್ನೂ ಇಟ್ಟು ಹೋಗುತ್ತವೆ. ಗುರುತಿಲ್ಲದ್ದನ್ನು ದಿನವೂ ತೆಗೆಯದಿದ್ದರೆ 21ನೆಯ ದಿನ ತಾಯಿ ಮರಿಗಳೊಂದಿಗೆ ಎದ್ದು ಹೋಗುತ್ತದೆ, ಅರ್ಧ ಬೆಳೆದವು ಬುಟ್ಟಿಯಲ್ಲೇ ಸಾಯುತ್ತವೆ.

ಕೋಳಿಯನ್ನು ಹೊಸ ಜಾಗಕ್ಕೆ ತರುವುದಿದ್ದರೆ ರಾತ್ರಿಯೇ ತನ್ನಿ. ಜೋಳದ ಕಣಿಕೆಯ ಬಣವೆಯಲ್ಲಿ ಕಳ್ಳಗೂಡು ಮಾಡಿಕೊಂಡ ಕೋಳಿಗೆ ಇದು ಇನ್ನೂ ಮುಖ್ಯ, ಅಲ್ಲಿ ಹಾವು, ಹೆಗ್ಗಣ ಎರಡರ ಭಯವೂ ಇದೆ. ಎತ್ತುವ ಮುನ್ನ ಎರಡೂ ರೆಕ್ಕೆಯಡಿ ಬೆರಳಾಡಿಸಿ. ತತ್ತಿ ಅಲ್ಲಿ ಸಿಕ್ಕಿಕೊಂಡಿರುತ್ತದೆ, ಎತ್ತಿದೊಡನೆ ಜಾರಿ ಬಿದ್ದು ಕೆಳಗಿನ ತತ್ತಿಗಳನ್ನೂ ಒಡೆಯುತ್ತದೆ. ಮೊದಲ ರಾತ್ರಿ ಮಣ್ಣಿನದೋ ಕಟ್ಟಿಗೆಯದೋ ಹುಸಿ ತತ್ತಿ ಇಟ್ಟು ನೋಡಿ, ಬೆಳಗ್ಗೆ ಹೊಸ ಜಾಗದಲ್ಲಿ ಗಟ್ಟಿಯಾಗಿ ಕುಳಿತಿದ್ದರೆ ಆ ರಾತ್ರಿ ಅಸಲಿ ತತ್ತಿ ಇಡಿ.

ಈ ದಿನಗಳಲ್ಲಿ ಹಿಟ್ಟಿನ ಮೇವಿಗಿಂತ ಇಡೀ ಜೋಳ, ಸಜ್ಜೆ, ಮೆಕ್ಕೆಜೋಳದ ಕಾಳು ಒಳ್ಳೆಯದು, ಹಿಕ್ಕೆ ಗಟ್ಟಿಯಾಗಿ ಬುಟ್ಟಿ ಹೊಲಸಾಗುವುದಿಲ್ಲ. ಕಾಳು ನೀರು ನಾಲ್ಕು ಹೆಜ್ಜೆ ದೂರದಲ್ಲಿರಲಿ. ದಿನಕ್ಕೊಮ್ಮೆಯೂ ಏಳದ ಅತಿ ನಿಷ್ಠೆಯ ಕೋಳಿಯನ್ನು ನೀವೇ ಎತ್ತಿ ಹೊರಗೆ ಬಿಡಿ. ಅಷ್ಟು ಹೊತ್ತು ತತ್ತಿ ಆರಿದರೆ ಏನೂ ಆಗುವುದಿಲ್ಲ.

ಏಳನೆಯ ರಾತ್ರಿ ನನಗೆ ಇಷ್ಟವಾದ ಕೆಲಸ ಬರುತ್ತದೆ. ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಹೆಬ್ಬೆರಳು ತೋರುಬೆರಳು ಸುತ್ತಿ ಸಣ್ಣ ಬಾಯಿ ಮಾಡಿ, ಅದರ ಮೇಲೆ ತತ್ತಿಯ ದಪ್ಪ ತುದಿ ಇಡುತ್ತೇನೆ. ತತ್ತಿ ಇಡಿಯಾಗಿ ಕಿತ್ತಳೆ ಬಣ್ಣದ ದೀಪವಾಗುತ್ತದೆ. ಫಲ ಕಟ್ಟಿದ್ದರೆ ನಡುವೆ ಒಂದು ಕಪ್ಪು ಚುಕ್ಕಿ, ಅದರಿಂದ ಎಲ್ಲ ಕಡೆಗೂ ಜೇಡನ ಕಾಲುಗಳಂತೆ ಕೆಂಪು ಎಳೆಗಳು. ಉಸಿರು ಹಿಡಿದು ನೋಡಿದರೆ ಆ ಚುಕ್ಕಿ ತೂಗಾಡುತ್ತದೆ. ಏನೂ ಕಾಣದೆ ತಿಳಿಯಾಗಿದ್ದರೆ ಫಲವಿಲ್ಲ. ಎಳೆಗಳಿಲ್ಲದೆ ಬರಿ ಕೆಂಪು ಉಂಗುರ ಕಂಡರೆ ಬೆಳೆಯಲು ಶುರುವಾಗಿ ಸತ್ತಿದೆ. ಎರಡನ್ನೂ ತೆಗೆಯಿರಿ, ಕೊಳೆತರೆ ಒಡೆದು ಒಳ್ಳೆಯವಕ್ಕೂ ರೋಗ ತಗುಲಿಸುತ್ತವೆ. 14ನೆಯ ರಾತ್ರಿ ಮತ್ತೊಮ್ಮೆ ನೋಡಬಹುದು. 18ನೆಯ ದಿನದ ನಂತರ ಕೈ ಹಾಕಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ.

20ನೆಯ ದಿನ ಒಳಗಿನಿಂದ ಚಿಂವ್ ಸದ್ದು ಕೇಳುತ್ತದೆ, ತಾಯಿ ಮೆಲುದನಿಯಲ್ಲಿ ಉತ್ತರ ಕೊಡುತ್ತದೆ. ಸಿಪ್ಪೆಗೆ ತೂತು ಬಿದ್ದ ಮೇಲೆ ಮರಿ ಪೂರ್ತಿ ಹೊರಬರಲು ಒಂದು ಹಗಲು ಒಂದು ರಾತ್ರಿಯಾದರೂ ಗಾಬರಿಯಾಗಬೇಡಿ. ಕನಿಕರದಿಂದ ಸಿಪ್ಪೆ ಸುಲಿದರೆ ರಕ್ತ ಸೋರಿ ಸಾಯುತ್ತದೆ. ಹುಟ್ಟುವ ಮುನ್ನ ಹೊಟ್ಟೆಗೆ ಸೇರಿದ ಭಂಡಾರದ, ಅಂದರೆ ತತ್ತಿಯ ಹಳದಿ ಭಾಗದ, ಬಲದಿಂದ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. 23ನೆಯ ದಿನಕ್ಕೂ ಒಡೆಯದ ತತ್ತಿಯನ್ನು ಹಿತ್ತಲಿನಾಚೆ ಗುಂಡಿ ತೋಡಿ ಮೆಲ್ಲಗೆ ಹೂತುಬಿಡಿ. ಮೆಲ್ಲಗೆ ಎಂಬ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕಾವಲ್ಲದ ಮುನಿಸುಗಳು

ದಸರೆಯ ನಂತರ ಹಗಲು ಕಿರಿದಾದಾಗ ಕೋಳಿಗಳು ಹಳೆಯ ಗರಿ ಉದುರಿಸಿ ಹೊಸದು ತೊಡುತ್ತವೆ. ಆಗ ತತ್ತಿ ನಿಲ್ಲುತ್ತದೆ, ಮೈ ಮುಟ್ಟಿದರೆ ನೋವಿನಿಂದ ಹಾರುತ್ತವೆ, ಮೂಲೆ ಹಿಡಿಯುತ್ತವೆ. ಎರಡು ಮೂರು ತಿಂಗಳ ಮಾತು. ಗರಿ ಎಂದರೆ ಬಹುಪಾಲು ಪ್ರೋಟೀನೇ ಆದ್ದರಿಂದ ಶೇಂಗಾ ಹಿಂಡಿ ಸ್ವಲ್ಪ ಹೆಚ್ಚು ಕೊಡಿ, ಬೂಷ್ಟು ಹಿಡಿದದ್ದನ್ನು ಮಾತ್ರ ಖಂಡಿತ ಕೊಡಬೇಡಿ, ಅದು ವಿಷ.

ಹೊಸ ಕೋಳಿ ತಂದರೆ ಗುಂಪಿನ ಹಿರಿತನದ ಸಾಲು ಕಲಕಿ ವಾರಗಟ್ಟಲೆ ಕುಕ್ಕಾಟ ನಡೆಯುತ್ತದೆ. ಮೇವಿನ ಪಾತ್ರೆ ಎರಡು ಮಾಡಿದರೆ ಅರ್ಧ ಜಗಳ ಕಡಿಮೆ.

ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಂತು ಮತ್ತೆ ಮತ್ತೆ ಮುಕ್ಕರಿಸುತ್ತಿದ್ದರೆ ಅದು ಕಾವಲ್ಲ, ತತ್ತಿ ಸಿಕ್ಕಿಕೊಂಡಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಇಪ್ಪತ್ತು ನಿಮಿಷ ಕೂರಿಸಿ, ಕತ್ತಲೆಯ ಬೆಚ್ಚನೆ ಜಾಗದಲ್ಲಿ ಬಿಡಿ. ಆಗಲೂ ಬರದಿದ್ದರೆ ಪಶು ಆಸ್ಪತ್ರೆಗೆ ಅಂದೇ ಒಯ್ಯಿರಿ, ನಾಳೆಗೆ ಇಡಬೇಡಿ. ಕತ್ತು ತಿರುಚಿ, ಹಸಿರು ಭೇದಿಯಾಗುತ್ತಿದ್ದರೆ ಬೇಗ ಹರಡುವ ಕೊಕ್ಕರೆ (ರಾಣಿಖೇತ್) ರೋಗದ ಗುಮಾನಿ, ಮೊದಲು ಆ ಕೋಳಿಯನ್ನು ಗುಂಪಿನಿಂದ ಬೇರೆ ಮಾಡಿ.

ತಾಯಿಯಾದ ಮೇಲೆ

ಮೊದಲ ವಾರದಲ್ಲೇ ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸಿ. ಒಂದು ಬಾಟಲಿಯಲ್ಲಿ ನೂರಾರು ಹನಿ ಇರುತ್ತವೆ, ಕಲಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಆದ್ದರಿಂದ ಓಣಿಯ ನಾಲ್ಕಾರು ಮನೆಯವರು ಸೇರಿ ತರಿಸುವುದು ಲೇಸು. ನೀರಿನ ತಟ್ಟೆ ಆಳವಿಲ್ಲದಿರಲಿ, ಅದರಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮರಿ ಅದರಲ್ಲೇ ಮುಳುಗುತ್ತದೆ. ಮರಿಗಳ ಮೇವು ಸಿಕ್ಕರೆ ಅದು, ಸಿಗದಿದ್ದರೆ ಸಣ್ಣ ನುಚ್ಚಿನ ಜೊತೆ ಬೇಯಿಸಿ ಪುಡಿ ಮಾಡಿದ ತತ್ತಿ.

ಕೋಳಿ ತುಳಿದರೆ ಮರಿ ಸಾಯುತ್ತದೆಯೇ ಎಂದು ಹಿರಿಯರು ಕೇಳುತ್ತಾರೆ. ಸಾಯುತ್ತದೆ, ನೋಡಿದ್ದೇನೆ. ಮೊದಲ ಸಲದ ತಾಯಿಗೆ, ಇಕ್ಕಟ್ಟಾದ ಬುಟ್ಟಿಯಲ್ಲಿ, ಕಾಲಡಿ ಏನಿದೆ ಎಂಬ ಪರಿವೆ ಇರುವುದಿಲ್ಲ. ಮರಿಗಳು ಒಣಗಿ ಓಡಾಡಲು ಶುರು ಮಾಡಿದೊಡನೆ ಎಲ್ಲವನ್ನೂ ಸಮನಾದ ನೆಲಕ್ಕೆ ಇಳಿಸಿಬಿಡಿ.

ಈಗಿನ ಸಿಟ್ಟು ಕಾವಿನ ಸಿಟ್ಟಿಗಿಂತ ಜೋರು. ಪಾತ್ರೆ ತೊಳೆಯಲು ಹಿತ್ತಲಿಗೆ ಬಂದವರ ಹಿಮ್ಮಡಿ ಹಿಡಿಯುತ್ತದೆ, ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹದ್ದಿನ ನೆರಳು ನೆಲದ ಮೇಲೆ ಹಾಯ್ದರೆ ಒಂದೇ ಒಂದು ಎಳೆದ ಕೂಗು, ಹನ್ನೊಂದು ಮರಿಗಳು ಲಿಂಬೆ ಗಿಡದ ಬುಡದಲ್ಲಿ ಮಾಯ. ಆರೆಂಟು ವಾರಗಳಾದ ಮೇಲೆ ಒಂದು ಬೆಳಗ್ಗೆ, ಅದೇ ತಾಯಿ ಕಾಳಿಗೆ ಬಂದ ಮರಿಯ ನೆತ್ತಿಗೆ ಕುಕ್ಕಿ ಓಡಿಸುತ್ತದೆ. ಮರಿ ದಿಕ್ಕು ತೋಚದೆ ನಿಲ್ಲುತ್ತದೆ, ಮಕ್ಕಳು ನನ್ನ ಬಳಿ ದೂರು ತರುತ್ತಾರೆ. ಮಧ್ಯೆ ಬರಬೇಡಿ. ಮರಿಗಳಿಗೆ ಬೇರೆ ತಟ್ಟೆಯಲ್ಲಿ ಮೇವು ಹಾಕಿ, ರಾತ್ರಿ ಕೂರಲು ಬೇರೆ ಕೋಲು ಕಟ್ಟಿಕೊಡಿ. ಆಮೇಲೆ ಕೆಂಚಿ ಬುಟ್ಟಿಯ ಸುತ್ತ ಸುಳಿಯತೊಡಗಿದರೆ ಹಳೆಯ ರವದಿ ಸುಟ್ಟು, ಬುಟ್ಟಿಯನ್ನು ಬಿಸಿಲಿಗೆ ಹಾಕಿ, ಹೊಸದು ಹಾಸಿಡಿ.